ಸಮುದ್ರ ಸೌತೆ ಯಾವ ಕಾಲದಲ್ಲಿ ಏನು ತಿನ್ನುತ್ತದೆ? ಪತ್ತೆ ಮಾಡುವುದು ಹೀಗೆ

ಸಮುದ್ರ ಸೌತೆ ನಕ್ಷತ್ರಮೀನಿನ ಬಳಗದ ಪ್ರಾಣಿ. ಹೆಚ್ಚಿನ ಜಾತಿಗಳು ಕಡಲ ತಳದ ಕೆಸರನ್ನೇ ಬಾಚಿ ನುಂಗುತ್ತವೆ. ಮರಳು ಹಿಂದಿನಿಂದ ಹಾಗೇ ಹೊರಗೆ ಹೋಗುತ್ತದೆ, ಅದಕ್ಕೆ ಅಂಟಿದ ಪಾಚಿ, ಬ್ಯಾಕ್ಟೀರಿಯಾ, ಕೊಳೆತ ಚೂರುಗಳಷ್ಟೇ ನಿಜವಾದ ಊಟ. ಈ ಊಟ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ, ಜೊತೆಗೆ ಮೈಯ ಸತ್ವವೂ, ಅಂದರೆ ಪ್ರೋಟೀನ್, ಕೊಬ್ಬು.

ಮೊದಲು ಇವನ್ನು ಹಿಡಿಯಲು ಅನುಮತಿ ಪಡೆಯಿರಿ, ಅನೇಕ ಜಾತಿಗಳಿಗೆ ಕಾನೂನಿನ ರಕ್ಷಣೆ ಇದೆ. ಆಮೇಲೆ ಒಂದೇ ಜಾಗದಿಂದ, ಹೆಚ್ಚುಕಡಿಮೆ ಒಂದೇ ಗಾತ್ರದವನ್ನು, ಪ್ರತಿ ತಿಂಗಳೂ, ಕನಿಷ್ಠ ಒಂದು ವರ್ಷ ತೆಗೆಯಬೇಕು. ಒಂದು ಬೇಸಿಗೆ, ಒಂದು ಚಳಿಗಾಲ ಸಾಕು ಅಂದುಕೊಂಡರೆ ನಡುವಿನ ಮೊಟ್ಟೆ ಬಿಡುವ ಕಾಲವೇ ಕೈತಪ್ಪಬಹುದು. ನೀರಿನ ಉಷ್ಣಾಂಶ ಬರೆದಿಡಿ. ಪ್ರಾಣಿ ಮೇಯುತ್ತಿದ್ದ ಜಾಗದ ಮೇಲ್ಪದರದ ಕೆಸರನ್ನೂ ಕೆರೆದು ಬೇರೆ ಡಬ್ಬಿಗೆ ಹಾಕಿ, ಇಲ್ಲದಿದ್ದರೆ ಹೊಟ್ಟೆಯಲ್ಲಿ ಸಿಕ್ಕಿದ್ದು ಆರಿಸಿ ತಿಂದಿದ್ದೋ, ಸುಮ್ನೆ ಅಲ್ಲಿ ಬಿದ್ದಿದ್ದನ್ನು ನುಂಗಿದ್ದೋ ಗೊತ್ತಾಗುವುದಿಲ್ಲ.

ಒರಟಾಗಿ ಹಿಡಿದರೆ ಇವು ಕರುಳನ್ನೇ ಹೊರಗೆ ಎಸೆದುಬಿಡುತ್ತವೆ! ಹಾಗಾಗಿ ತಣ್ಣಗಿನ ನೀರಲ್ಲಿ, ಒಂದೊಂದನ್ನು ಬೇರೆ ಬೇರೆ ಚೀಲದಲ್ಲಿ ತನ್ನಿ.

ಉದ್ದಕ್ಕೆ ಸೀಳಿದರೆ ಸುತ್ತಿ ಮಡಚಿದ ಉದ್ದನೆಯ ಕರುಳು ಕಾಣುತ್ತದೆ. ಬಾಯಿ ಕಡೆಯ ಭಾಗದ್ದನ್ನೇ ತೆಗೆದುಕೊಳ್ಳಿ, ಹಿಂದಿನದು ಆಗಲೇ ಜೀರ್ಣವಾಗಿರುತ್ತದೆ. ಒಂದು ಹನಿ ಸೂಕ್ಷ್ಮದರ್ಶಕದಡಿ ಇಟ್ಟರೆ ಮರಳಿನ ಕಣಗಳ ನಡುವೆ ಡಯಾಟಮ್ ಪಾಚಿಗಳ ಗಾಜಿನಂಥ ಚಿಪ್ಪುಗಳು ಕಾಣುತ್ತವೆ. ಉಳಿದದ್ದನ್ನು ಒಣಗಿಸಿ ತೂಗಿ, ಸುಮಾರು 500 ಡಿಗ್ರಿ ಸೆಲ್ಸಿಯಸ್ ಕುಲುಮೆಯಲ್ಲಿ ಸುಟ್ಟು ಮತ್ತೆ ತೂಗಿ. ಕಳೆದುಹೋದ ತೂಕವೇ ಹೆಚ್ಚುಕಡಿಮೆ ಸಾವಯವ ಅಂಶ. ಕೆಸರಿಗೂ ಹೀಗೇ ಮಾಡಿ, ಕರುಳಿನದ್ದು ಜಾಸ್ತಿ ಬಂದರೆ ಪ್ರಾಣಿ ಆರಿಸಿ ತಿಂದಿದೆ ಅಂತ ಅನುಮಾನಿಸಬಹುದು.

ಕರುಳು ಖಾಲಿ ಸಿಕ್ಕರೆ ಬಿಸಾಡಬೇಡಿ, ಅದೇ ಉತ್ತರ ಇರಬಹುದು. ಚೀನಾ, ಜಪಾನ್, ಕೊರಿಯಾ ಕಡಲಿನ ಅಪೋಸ್ಟಿಕೋಪಸ್ ಜಪೋನಿಕಸ್ ಅನ್ನುವ ಸಮುದ್ರ ಸೌತೆ ಬೇಸಿಗೆಯಲ್ಲಿ ನೀರು 20ರಿಂದ 25 ಡಿಗ್ರಿ ದಾಟುತ್ತಿದ್ದಂತೆ ತಿನ್ನುವುದನ್ನೇ ನಿಲ್ಲಿಸಿ ಅಡಗಿಕೊಳ್ಳುತ್ತದೆ. ಮೈ ಕುಗ್ಗುತ್ತದೆ, ಕರುಳು ದಾರದಷ್ಟು ಸಣ್ಣಗಾಗುತ್ತದೆ. ಕರುಳಿನ ತೂಕವನ್ನೂ ಬರೆಯಿರಿ ಅನ್ನುವುದು ಇದಕ್ಕೇ.

ಇನ್ನು ಸತ್ವದ ಲೆಕ್ಕ. ಮೈಗೋಡೆಯಲ್ಲಿ ಸುಮಾರು 90 ಶೇಕಡಾ ನೀರೇ ಇರುತ್ತದೆ, ಆದ್ದರಿಂದ ಹಸಿ ತೂಕದ ಲೆಕ್ಕ ನಂಬಬೇಡಿ, ಒಣಗಿಸಿಯೇ ಹೋಲಿಸಿ. ಪ್ರೋಟೀನ್‌ಗೆ ಸಾರಜನಕವನ್ನು 6.25ರಿಂದ ಗುಣಿಸುವುದು ರೂಢಿ. ಆದರೆ ಆ ಪ್ರೋಟೀನ್‌ನಲ್ಲಿ ಹೆಚ್ಚಿನದು ಚರ್ಮದಲ್ಲಿರುವಂಥ ಕೊಲಾಜನ್, ಅಂದರೆ ಅಮೈನೋ ಆಮ್ಲಗಳ ಪೈಕಿ ಗ್ಲೈಸಿನ್ ಧಾರಾಳ, ದೇಹಕ್ಕೆ ಬೇಕೇಬೇಕಾದ ಟ್ರಿಪ್ಟೊಫಾನ್ ತೀರಾ ಕಡಿಮೆ, ಹಾಗಾಗಿ ಅಂಕಿ ದೊಡ್ಡದಿದ್ದ ಮಾತ್ರಕ್ಕೆ ಗುಣಮಟ್ಟವೂ ದೊಡ್ಡದು ಅಂತಲ್ಲ. ಕೊಬ್ಬು ಕಡಿಮೆಯೇ, ಆದರೂ ಅದರ ಕೊಬ್ಬಿನಾಮ್ಲಗಳು ಒಳ್ಳೆ ಸಾಕ್ಷಿ: ಇಪಿಎ ಎಂಬ ಒಮೆಗಾ-3 ಕೊಬ್ಬಿನಾಮ್ಲ ಹೆಚ್ಚಿದ್ದರೆ ಡಯಾಟಮ್ ಕಡೆ ಬೆರಳು ತೋರಿಸುತ್ತದೆ, ಸರಪಳಿ ಕವಲೊಡೆದ ಕೊಬ್ಬಿನಾಮ್ಲಗಳು ಬ್ಯಾಕ್ಟೀರಿಯಾದ ಗುರುತು. ಒಂದು ಎಚ್ಚರ: ಕರುಳು ಹೇಳುವುದು ಇವತ್ತಿನ ಊಟ, ಮೈ ಹೇಳುವುದು ಹಿಂದಿನ ವಾರಗಳದ್ದು. ಎರಡನ್ನೂ ಒಂದೇ ತಿಂಗಳಿಗೆ ಜೋಡಿಸಬೇಡಿ.

ಮೊಟ್ಟೆ ಅಥವಾ ವೀರ್ಯ ತಯಾರಾಗುವ ಅಂಗವಾದ ಬೀಜಕೋಶವನ್ನು ಬೇರೆಯೇ ಅಳೆಯಿರಿ. ಮೊಟ್ಟೆ ಬಿಡುವ ಮುಂಚೆ ಅಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ. ಎಲ್ಲವನ್ನೂ ಸೇರಿಸಿ ಅರೆದರೆ ಕೊಬ್ಬು ಏರಿದ್ದು ಕಾಣುತ್ತದೆ, ಅದರ ಶ್ರೇಯ ಮಾತ್ರ ತಪ್ಪಾಗಿ ಊಟಕ್ಕೆ ಹೋಗುತ್ತದೆ, ಅಲ್ವಾ?