ಕುಂಗ್ಸ್‌ಲೇಡೆನ್: ಎತ್ತರವಿಲ್ಲದ ದಾರಿಯ ಕಷ್ಟಗಳು

ಉತ್ತರ ಸ್ವೀಡನ್ನಿನ ಕುಂಗ್ಸ್‌ಲೇಡೆನ್ ಕಾಲುದಾರಿಯ ಬಗ್ಗೆ ಕೇಳುವವರೆಲ್ಲ ಮೊದಲು ಎತ್ತರವನ್ನೇ ಕೇಳುತ್ತಾರೆ. ಬೆಂಗಳೂರಿನಿಂದ ಬಂದ ನನ್ನ ಭಾವಮೈದುನನೂ ಅದನ್ನೇ ಕೇಳಿದ. ನಕ್ಷೆ ಬಿಡಿಸಿ ನೋಡಿದವನು, "ಭಾವ, ಇಡೀ ದಾರಿಯ ತುತ್ತತುದಿಯೇ 1150 ಮೀಟರ್. ನಮ್ಮ ಕುಮಾರ ಪರ್ವತ 1712. ಬೆಂಗಳೂರಿನಲ್ಲಿ ಮನೆಯೊಳಗೆ ಕುಳಿತರೇ 900 ಮೀಟರ್ ಮೇಲಿರುತ್ತೇವೆ" ಎಂದು ನಕ್ಕ. ಲೆಕ್ಕವೇನೋ ಸರಿ. ಆದರೆ ಅಲ್ಲಿ ಆ ಲೆಕ್ಕ ನಡೆಯುವುದಿಲ್ಲ. 68 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಆರೇಳುನೂರು ಮೀಟರ್ ಏರುವಷ್ಟರಲ್ಲಿ ಮರಗಳು ಮುಗಿಯುತ್ತವೆ. ಅದರ ಮೇಲೆ ಕಲ್ಲು, ಜವುಗು ಮತ್ತು ಗಾಳಿ. ಈ ಮೂರಕ್ಕೆ ಸಿದ್ಧರಾದರೆ ದಾರಿ ಸುಲಭ, ಇಲ್ಲದಿದ್ದರೆ ಎತ್ತರ ಎಷ್ಟು ಕಡಿಮೆಯಿದ್ದರೂ ಪ್ರಯೋಜನವಿಲ್ಲ.

ಪೂರ್ತಿ ದಾರಿ ಉತ್ತರದ ಅಬಿಸ್ಕೊದಿಂದ ದಕ್ಷಿಣದ ಹೆಮಾವಾನ್‌ವರೆಗೆ ಸುಮಾರು 440 ಕಿ.ಮೀ. ಅಷ್ಟನ್ನೂ ನಡೆಯಲು ತಿಂಗಳ ರಜೆ ಬೇಕು. ಕೆಲಸಕ್ಕೆಂದು ಸ್ವೀಡನ್ನಿಗೆ ಬಂದು ನೆಲೆಸಿದ ನನ್ನಂಥವನಿಗೆ ಅಷ್ಟು ರಜೆ ಸಿಗುವುದು ಕಷ್ಟ. ಹೆಚ್ಚಿನವರು ಮಾಡುವಂತೆ ನಾವೂ ಉತ್ತರದ ತುಂಡನ್ನು ಆರಿಸಿಕೊಂಡೆವು. ಅಬಿಸ್ಕೊದಿಂದ ಹೊರಟು ಅಬಿಸ್ಕೊಯೌರೆ, ಆಲೆಸ್‌ಯೌರೆ, ಚಾಕ್ಚಾ, ಸೆಲ್ಕಾ ದಾಟಿ ಸಿಂಗಿಗೆ ಬಂದು, ಅಲ್ಲಿ ಮುಖ್ಯ ದಾರಿಯನ್ನು ಬಿಟ್ಟು ಪೂರ್ವಕ್ಕೆ ತಿರುಗಿ, ಕೆಬ್ನೆಕೈಸೆ ಗಿರಿಠಾಣೆಯ ಮೂಲಕ ನಿಕ್ಕಲುಯೋಕ್ತಾ ಸೇರುವ ಹಾದಿ. ಒಟ್ಟು 105 ಕಿಲೋಮೀಟರಿನ ಆಸುಪಾಸು.

ಹೋಗುವ ಕಾಲದ ವಿಷಯದಲ್ಲಿ ನನಗೆ ಗಟ್ಟಿ ಅಭಿಪ್ರಾಯವಿದೆ: ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮೊದಲ ಎರಡು ವಾರ. ಜೂನ್‌ನಲ್ಲಿ ಮಧ್ಯರಾತ್ರಿಯ ಸೂರ್ಯ ಇರುತ್ತಾನೆ ನಿಜ, ಆದರೆ ಮೇಲಿನ ಕಣಿವೆಗಳಲ್ಲಿ ಹಿಮ ಕರಗುತ್ತಿರುತ್ತದೆ, ತೊರೆಗಳು ಉಕ್ಕಿರುತ್ತವೆ. ಜುಲೈ ಸೊಳ್ಳೆಗಳ ಕಾಲ. ನಮ್ಮ ಮಲೆನಾಡಿನ ಸೊಳ್ಳೆ ಕತ್ತಲಾದ ಮೇಲೆ ಬರುತ್ತದೆ. ಇಲ್ಲಿ ಕತ್ತಲೇ ಆಗುವುದಿಲ್ಲವಾದ್ದರಿಂದ ಅವುಗಳಿಗೆ ಹೊತ್ತುಗೊತ್ತಿಲ್ಲ. ಆಗಸ್ಟ್ ಮುಗಿಯುವ ಹೊತ್ತಿಗೆ ರಾತ್ರಿಯ ಚಳಿಗೆ ಅವು ಅಡಗುತ್ತವೆ. ಮೊಣಕಾಲೆತ್ತರದ ಕುಳ್ಳ ಬರ್ಚ್ ಗಿಡಗಳು ಬೆಟ್ಟದ ಇಳಿಜಾರುಗಳನ್ನೆಲ್ಲ ಕೆಂಪಾಗಿಸುತ್ತವೆ. ಬ್ಲೂಬೆರಿ ಕಾಲಬುಡದಲ್ಲೇ ಸಿಗುತ್ತದೆ, ಬಾಯಿ ನೇರಳೆಯಾಗುವಷ್ಟು ತಿನ್ನಬಹುದು. ಕತ್ತಲು ಮರಳುವುದರಿಂದ ರಾತ್ರಿಯ ಆಕಾಶದಲ್ಲಿ ಉತ್ತರದ ಬೆಳಕೂ (ಅರೋರಾ) ಕಾಣುತ್ತದೆ. ಅದರ ಬಗ್ಗೆ ಬರೆಯುವವರು ಸಾಕಷ್ಟಿದ್ದಾರೆ, ನಾನು ಬರೆಯುವುದಿಲ್ಲ. ಮುಖ್ಯವಾದ ಮಾತು ಏನೆಂದರೆ, ಸೆಪ್ಟೆಂಬರ್ ದ್ವಿತೀಯಾರ್ಧದಲ್ಲಿ ತಂಗುಮನೆಗಳು ಮುಚ್ಚುತ್ತವೆ. ಆ ವರ್ಷದ ದಿನಾಂಕ ನೋಡಿಕೊಂಡೇ ರೈಲಿನ ಟಿಕೆಟ್ ತೆಗೆಯಬೇಕು.

ಸ್ಟಾಕ್‌ಹೋಮಿನಿಂದ ನಾರ್ವೆಯ ನಾರ್ವಿಕ್ ಕಡೆಗೆ ಹೋಗುವ ರಾತ್ರಿ ರೈಲು ದಾರಿಯ ಆರಂಭದ ಬಾಗಿಲಿಗೇ ತಂದು ಇಳಿಸುತ್ತದೆ. ಅಬಿಸ್ಕೊದಲ್ಲಿ ಎರಡು ನಿಲ್ದಾಣಗಳಿವೆ. ಊರಿಗೆ ಒಂದು, ಪ್ರವಾಸಿ ಠಾಣೆಗೆ ಇನ್ನೊಂದು. ಚಾರಣಿಗರು ಎರಡನೆಯದರಲ್ಲಿ ಇಳಿಯಬೇಕು. ವಿಮಾನದಲ್ಲಿ ಕಿರುನಾಕ್ಕೆ ಬರುವವರು ಅಡುಗೆಯ ಗ್ಯಾಸ್ ಡಬ್ಬಿಯನ್ನು ಜೊತೆಗೆ ತರುವಂತಿಲ್ಲ. ಇಲ್ಲಿಗೆ ಬಂದ ಮೇಲೆಯೇ ಕೊಳ್ಳಬೇಕು.

ಟೆಂಟೋ ತಂಗುಮನೆಯೋ ಎಂಬುದು ಎರಡನೆಯ ದೊಡ್ಡ ತೀರ್ಮಾನ. ಸ್ವೀಡನ್ನಿನಲ್ಲಿ ಪ್ರಕೃತಿಯಲ್ಲಿ ಓಡಾಡುವ ಹಕ್ಕು ಎಲ್ಲರದು. ಯಾರ ಅಪ್ಪಣೆಯೂ ಇಲ್ಲದೆ ಬಯಲಿನಲ್ಲಿ ಟೆಂಟ್ ಹಾಕಿ ರಾತ್ರಿ ಕಳೆಯಬಹುದು. ಆದರೆ ಅಬಿಸ್ಕೊ ರಾಷ್ಟ್ರೀಯ ಉದ್ಯಾನದೊಳಗೆ ಗೊತ್ತುಪಡಿಸಿದ ಜಾಗಗಳಲ್ಲಿ ಮಾತ್ರ. 1909ರಲ್ಲಿ ಸ್ಥಾಪನೆಯಾದ ಈ ಉದ್ಯಾನ ದಾರಿಯ ಮೊದಲ ಹಂತದ ಬಹುಭಾಗವನ್ನು ಆವರಿಸಿದೆ. ಟೆಂಟು, ಮಲಗುಚೀಲ, ಒಲೆ, ಇಂಧನ ಎಲ್ಲ ಸೇರಿದರೆ ಬೆನ್ನಚೀಲ ಹದಿನಾರು ಹದಿನೇಳು ಕಿಲೋ ತೂಗುತ್ತದೆ. ತಂಗುಮನೆಗಳನ್ನೇ ನೆಚ್ಚಿದರೆ ಹತ್ತು ಹನ್ನೊಂದಕ್ಕೆ ಇಳಿಯುತ್ತದೆ. ಒದ್ದೆ ಕಲ್ಲುಗಳ ಮೇಲೆ ದಿನವಿಡೀ ಕಾಲಿಡುವಾಗ ಆ ಆರು ಕಿಲೋ ನೇರವಾಗಿ ಮಂಡಿಗೆ ಬಂದು ಸೇರುತ್ತದೆ. ನಾವು ತಂಗುಮನೆಗಳನ್ನು ಆರಿಸಿಕೊಂಡೆವು. ಮೊದಲ ಸಲ ಹೋಗುವವರಿಗೆ ನನ್ನ ಸಲಹೆಯೂ ಅದೇ.

ಈ ಮನೆಗಳನ್ನು ನಡೆಸುವುದು 1885ರಲ್ಲಿ ಹುಟ್ಟಿದ ಸ್ವೀಡಿಷ್ ಪ್ರವಾಸಿ ಸಂಘ. ಸದಸ್ಯರಿಗೆ ರಿಯಾಯಿತಿ ಇದೆ, ಮೊದಲೇ ಕಾಯ್ದಿರಿಸಿದರೆ ನಿಶ್ಚಿಂತೆ. ಹಾಸಿಗೆ, ಹೊದಿಕೆ, ದಿಂಬು, ಗ್ಯಾಸ್ ಒಲೆ, ಪಾತ್ರೆಗಳು ಅಲ್ಲಿರುತ್ತವೆ. ಹಾಸುವ ಬಟ್ಟೆ ಮಾತ್ರ ನಮ್ಮದು. ವಿದ್ಯುತ್ತೂ ಇಲ್ಲ, ನಲ್ಲಿಯೂ ಇಲ್ಲ. ಕೊಡ ಹಿಡಿದು ತೊರೆಗೆ ಹೋಗಿ ನೀರು ತರಬೇಕು, ಮುಸುರೆ ನೀರನ್ನು ಬೇರೆ ಬಕೆಟ್ಟಿನಲ್ಲಿ ತುಂಬಿ ಗೊತ್ತಾದ ಜಾಗದಲ್ಲಿ ಚೆಲ್ಲಬೇಕು, ಸೌದೆ ಒಡೆಯಬೇಕು, ಹೊರಡುವ ಮುನ್ನ ಕಸ ಗುಡಿಸಿ, ಮುಂದೆ ಬರುವವರಿಗೆ ಒಲೆಯ ಪಕ್ಕ ಸೌದೆ ಜೋಡಿಸಿಟ್ಟು ಹೋಗಬೇಕು. ಮೇಲ್ವಿಚಾರಕಿ ಇರುತ್ತಾಳೆ, ಆದರೆ ಆಕೆ ಕೆಲಸದವಳಲ್ಲ. ಭಾವಮೈದುನ ಸೌದೆ ಒಡೆಯುವುದನ್ನು ಕಲಿತದ್ದು ಅಬಿಸ್ಕೊಯೌರೆಯಲ್ಲಿ. ಆಮೇಲೆ ಕೊಡಲಿಯನ್ನು ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ.

ಅಬಿಸ್ಕೊಯೌರೆ, ಆಲೆಸ್‌ಯೌರೆ, ಸೆಲ್ಕಾಗಳಲ್ಲಿ ಸೌನಾ, ಅಂದರೆ ಬೆವರು ಹರಿಸುವ ಬಿಸಿ ಕೋಣೆ ಕೂಡ ಇದೆ. ಹೆಂಗಸರಿಗೆ ಒಂದು ಹೊತ್ತು, ಗಂಡಸರಿಗೆ ಒಂದು ಹೊತ್ತು, ಎಲ್ಲರಿಗೂ ಸೇರಿ ಒಂದು ಹೊತ್ತು. ಮೈಮೇಲೆ ಬಟ್ಟೆ ಇರುವುದಿಲ್ಲ. ನಮ್ಮಂಥವರು ಗಂಡಸರ ಹೊತ್ತಿಗೇ ಹೋಗಿ, ಛಾವಣಿ ನೋಡುತ್ತ ಕುಳಿತು ಬರುವುದು ಕ್ಷೇಮ. ಆದರೆ ಹೋಗದೆ ಇರಬಾರದು. ದಿನವಿಡೀ ನೆನೆದ ಕಾಲಿಗೆ ಅದಕ್ಕಿಂತ ಒಳ್ಳೆಯ ಮದ್ದಿಲ್ಲ.

ಇನ್ನು ಒದ್ದೆಯ ವಿಷಯ. ಅಬಿಸ್ಕೊ ಸ್ವತಃ ಬೆಟ್ಟಗಳ ಮಳೆನೆರಳಿನಲ್ಲಿದೆ, ಸ್ವೀಡನ್ನಿನಲ್ಲೇ ಅತಿ ಕಡಿಮೆ ಮಳೆ ಬೀಳುವ ಜಾಗಗಳಲ್ಲಿ ಒಂದು. ಅಲ್ಲಿನ ಬಿಸಿಲು ನೋಡಿ ಮೋಸ ಹೋಗಬಾರದು. ಬೆಟ್ಟದ ಒಳಗೆ ಹೋದಂತೆ ಮೋಡ ಇಳಿಯುತ್ತದೆ. ಮೇಲಿಂದ ಮಳೆ ಬೀಳದಿದ್ದರೂ ಕೆಳಗಿನಿಂದ ಒದ್ದೆ ತಪ್ಪದು. ಜವುಗಿನ ಮೇಲೆ ಎರಡೆರಡು ಹಲಗೆಗಳನ್ನು ಉದ್ದಕ್ಕೆ ಜೋಡಿಸಿ ದಾರಿ ಮಾಡಿದ್ದಾರೆ. ಕೆಲವು ಕಡೆ ಹಲಗೆ ಮುರಿದಿರುತ್ತದೆ, ಕೆಲವು ಕಡೆ ಒಂದು ತುದಿಯ ಮೇಲೆ ಕಾಲಿಟ್ಟರೆ ಇನ್ನೊಂದು ತುದಿ ಏಳುತ್ತದೆ. ಮಳೆಯಲ್ಲಿ ಎಲ್ಲವೂ ಜಾರುತ್ತವೆ. ಸ್ವೀಡನ್ನಿನ ಹಳಬರು ಕೆಳಗೆ ರಬ್ಬರ್, ಮೇಲೆ ಚರ್ಮದ ಎತ್ತರದ ಬೂಟು ಹಾಕುತ್ತಾರೆ. ನೋಡಲು ಹೊಲದ ಬೂಟಿನಂತಿದ್ದರೂ ಈ ನೆಲಕ್ಕೆ ಅದೇ ಸರಿ. ಭಾವಮೈದುನ ಪಶ್ಚಿಮ ಘಟ್ಟದಲ್ಲಿ ಬಳಸುವ ಹಗುರ ಬೂಟಿನಲ್ಲೇ ಬಂದಿದ್ದ. ಮೊದಲ ಹಂತ ಮುಗಿಯುವ ಮೊದಲೇ ಅದು ನೀರು ಕುಡಿದಿತ್ತು. ಅವನ ಒಂದೇ ಸಮಾಧಾನವೆಂದರೆ ಇಲ್ಲಿ ಉಂಬಳಗಳಿಲ್ಲ. ಬೂಟು ಯಾವುದೇ ಇರಲಿ, ಉಣ್ಣೆಯ ಕಾಲುಚೀಲ ಮೂರು ಜೊತೆ ಬೇಕು: ಒಂದು ಕಾಲಿನಲ್ಲಿ, ಒಂದು ಒಣಗಲಿಕ್ಕೆ, ಮೂರನೆಯದು ಮಲಗುವಾಗ ಮಾತ್ರ. ಆ ಮೂರನೆಯ ಜೊತೆಯನ್ನು ಎಂಥ ಸಂದರ್ಭದಲ್ಲೂ ಹೊರಗೆ ಹಾಕಿಕೊಳ್ಳಬಾರದು.

ಕುಡಿಯುವ ನೀರಿಗೆ ತಾಪತ್ರಯವೇ ಇಲ್ಲ. ತೊರೆಯಿಂದ ಲೋಟ ಅದ್ದಿ ನೇರ ಕುಡಿಯುತ್ತೇವೆ. ಹಿಮನದಿಯಿಂದ ಬರುವ, ಹಾಲು ಬೆರೆತಂತೆ ಬೆಳ್ಳಗಿರುವ ನೀರಿನಲ್ಲಿ ಕಲ್ಲಿನ ಪುಡಿ ಇರುತ್ತದೆ. ಅದನ್ನು ಬಿಟ್ಟು ಪಕ್ಕದ ತಿಳಿ ತೊರೆ ಹುಡುಕಿದರಾಯಿತು. ಎರಡು ಲೀಟರ್ ಹೊರುವ ಅಭ್ಯಾಸವಿರುವವರು ಅರ್ಧ ಲೀಟರಿನ ಬಾಟಲಿ ತಂದರೆ ಸಾಕು.

ದಾರಿ ಗುರುತಿನ ಬಗ್ಗೆ ಒಂದು ಎಚ್ಚರಿಕೆ. ಎತ್ತರದ ಕಂಬಗಳ ಮೇಲೆ X ಆಕಾರದ ಕೆಂಪು ಗುರುತು ದೂರದಿಂದಲೇ ಕಾಣುತ್ತದೆ. ಅದು ಚಳಿಗಾಲದ ಹಿಮಜಾರು ದಾರಿಯದು. ಕೆರೆ, ಜವುಗು ಎಲ್ಲ ಹೆಪ್ಪುಗಟ್ಟಿರುವಾಗ ಅದು ಅವುಗಳ ಮೇಲೆಯೇ ನೇರ ಹೋಗುತ್ತದೆ. ಬೇಸಿಗೆಯಲ್ಲಿ ಅದನ್ನು ಹಿಡಿದು ಹೊರಟರೆ ಕೆರೆಯ ದಡದಲ್ಲಿ ನಿಲ್ಲಬೇಕಾಗುತ್ತದೆ. ನಡೆಯುವವರ ಗುರುತು ಕಲ್ಲುಗಳ ಮೇಲೆ ಬಳಿದ ಕೆಂಪು ಬಣ್ಣ ಮತ್ತು ಸಣ್ಣ ಕಲ್ಲುಗುಪ್ಪೆಗಳು. ಎರಡೂ ದಾರಿಗಳು ಹಲವು ಕಡೆ ಜೊತೆಜೊತೆಗೇ ಸಾಗುವುದರಿಂದ ಮಂಜಿನಲ್ಲಿ ಗೊಂದಲವಾಗುವುದು ಸಹಜ. ಹೆಚ್ಚಿನ ಕಡೆ ಮೊಬೈಲ್ ಸಂಪರ್ಕ ಇರುವುದಿಲ್ಲ, ಕಾಗದದ ನಕ್ಷೆ ಕೈಯಲ್ಲಿರಲೇಬೇಕು. ತಂಗುಮನೆಗಳಲ್ಲಿ ತುರ್ತು ಫೋನ್ ಇದೆ.

ಹಂತಗಳ ದೂರ ಕಾಗದದ ಮೇಲೆ ತಮಾಷೆಯಾಗಿ ಕಾಣುತ್ತದೆ. ಆಲೆಸ್‌ಯೌರೆಯಿಂದ ಚಾಕ್ಚಾಕ್ಕೆ 13 ಕಿ.ಮೀ., ಅಲ್ಲಿಂದ ಸೆಲ್ಕಾಕ್ಕೆ 12. ಗಂಟೆಗೆ ಮೂರು ಕಿಲೋಮೀಟರಿಗಿಂತ ಹೆಚ್ಚು ಹಿಡಿಯಬೇಡಿ. ಈ ಭಾಗದಲ್ಲಿ ಮುಷ್ಟಿಯಿಂದ ಹಿಡಿದು ಟ್ರಂಕಿನ ಗಾತ್ರದವರೆಗಿನ ಕಲ್ಲುಗಳು ಹರಡಿಕೊಂಡಿವೆ, ಕಣ್ಣು ನೆಲ ಬಿಡುವಂತಿಲ್ಲ. ದೃಶ್ಯ ನೋಡಬೇಕೆಂದರೆ ನಿಂತು ನೋಡಬೇಕು. ಎರಡು ಊರುಗೋಲುಗಳು ಇಲ್ಲಿ ಶೋಕಿಯಲ್ಲ.

ಚಾಕ್ಚಾ ಕಣಿವೆಮಾರ್ಗವೇ ಆ 1150 ಮೀಟರಿನ ಜಾಗ. ಉತ್ತರದಿಂದ ಹತ್ತುವುದು ನಿಧಾನ, ದಕ್ಷಿಣಕ್ಕೆ ಇಳಿಯುವುದು ಕಡಿದು. ನಾವು ಹೋದ ದಿನ ಮಳೆ ಮೇಲಿನಿಂದ ಬೀಳುತ್ತಿರಲಿಲ್ಲ, ಪಕ್ಕದಿಂದ ಬರುತ್ತಿತ್ತು. ಕೊಡೆ ತೆರೆಯುವ ಮಾತೇ ಇಲ್ಲ, ಪೊಂಚೋ ಹಾಕಿದವರು ಅದನ್ನು ಹಿಡಿದುಕೊಳ್ಳುವುದರಲ್ಲೇ ಸೋತುಹೋಗುತ್ತಾರೆ. ಟೊಪ್ಪಿಗೆ ಬಿಗಿಯುವ ಜಾಕೆಟ್ಟು, ಅದಕ್ಕೊಪ್ಪುವ ಪ್ಯಾಂಟು, ನೀರಿಳಿಯದ ಕೈಗವಸು ಬೇಕೇಬೇಕು. ಮೇಲೆ ಒಂದು ಪುಟ್ಟ ಮರದ ಆಸರೆ ಮನೆ ಇದೆ. ಅದು ಗಾಳಿಯಿಂದ ತಪ್ಪಿಸಿಕೊಂಡು ಊಟ ಮಾಡಲು, ಆಪತ್ತಿನಲ್ಲಿ ಉಳಿಯಲು. ಅಪಾಯವಿಲ್ಲದಿದ್ದರೆ ಅಲ್ಲಿನ ಸೌದೆ ಮುಟ್ಟಬಾರದು. ಬಾಗಿಲು ಹಾಕಿದ ಮೇಲೆ ಭಾವಮೈದುನ ಐದು ನಿಮಿಷ ಏನೂ ಮಾತಾಡಲಿಲ್ಲ. ಆಮೇಲೆ, "ಭಾವ, ಕುಮಾರ ಪರ್ವತದ ಲೆಕ್ಕ ವಾಪಸ್ ತೆಗೆದುಕೊಂಡೆ" ಎಂದ.

ನಾವು ಅಲ್ಲಿ ತಿಂದದ್ದು ಗೊಜ್ಜವಲಕ್ಕಿ. ಇಲ್ಲಿನವರು ಒಣಗಿಸಿದ ಊಟದ ಪೊಟ್ಟಣಗಳನ್ನು ದುಬಾರಿ ಬೆಲೆ ಕೊಟ್ಟು ಕೊಳ್ಳುತ್ತಾರೆ, ಬಿಸಿನೀರು ಹೊಯ್ದು ಕಾಯುತ್ತಾರೆ. ಅವಲಕ್ಕಿಯನ್ನು ತರಿಯಾಗಿ ಪುಡಿಮಾಡಿ, ಹುಣಸೆ ಪುಡಿ, ಬೆಲ್ಲ, ಸಾರಿನ ಪುಡಿ, ಒಣಕೊಬ್ಬರಿ, ಒಗ್ಗರಣೆ ಎಲ್ಲ ಕಲಸಿ ಒಬ್ಬೊಬ್ಬರ ಪಾಲು ಕಟ್ಟಿಟ್ಟುಕೊಂಡರೆ ಫ್ಲಾಸ್ಕಿನ ನೀರೇ ಸಾಕು. ಹುರಿದು ಒಗ್ಗರಣೆ ಹಾಕಿದ ರವೆಯೂ ಹಾಗೆಯೇ. ಬೆಳಗ್ಗೆ ಹುರಿಹಿಟ್ಟು, ನಡೆಯುವಾಗ ಕಡಲೆಬೀಜ, ಬೆಲ್ಲ. ದಿನಕ್ಕೆ ತಲಾ ಆರುನೂರು ಗ್ರಾಂ ಲೆಕ್ಕ ಹಾಕಿದ್ದೆ. ಊರಿನಿಂದ ಬರುವವರು ತುಪ್ಪ, ಖೋವಾದ ಸಿಹಿ ತರಬಾರದು. ಹೊರದೇಶದಿಂದ ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಪ್ರಯಾಣಿಕರು ತರುವುದಕ್ಕೆ ಯುರೋಪಿಯನ್ ಒಕ್ಕೂಟದಲ್ಲಿ ನಿಷೇಧವಿದೆ. ಸೌನಾ ಇರುವ ಮೂರು ತಂಗುಮನೆಗಳಲ್ಲಿ ಸಣ್ಣ ಅಂಗಡಿಯೂ ಇದೆ. ಎಲ್ಲವನ್ನೂ ಮೊದಲ ದಿನದಿಂದಲೇ ಹೊರಬೇಕಿಲ್ಲ. ಕಸವನ್ನು ಮಾತ್ರ ಕೊನೆಯವರೆಗೆ ಹೊರಬೇಕು.

ದಾರಿಯಲ್ಲಿ ಕಾಣುವ ಹಿಮಸಾರಂಗಗಳು ಕಾಡುಪ್ರಾಣಿಗಳಂತೆ ಕಂಡರೂ ಒಂದೊಂದಕ್ಕೂ ಒಡೆಯರಿದ್ದಾರೆ, ಕಿವಿಯ ಕೊಯ್ತದಲ್ಲಿ ಗುರುತಿದೆ. ಇದು ಇಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ಮೇವುನಾಡು. ಆಲೆಸ್‌ಯೌರೆಯ ಹತ್ತಿರ ಅವರ ಬೇಸಿಗೆಯ ಬಿಡಾರವೇ ಇದೆ. ಹಿಂಡು ಎದುರಾದರೆ ಫೋಟೊಕ್ಕಾಗಿ ಹತ್ತಿರ ಹೋಗದೆ ನಿಂತುಬಿಡಬೇಕು. ಬೆದರಿ ಚದುರಿದ ಹಿಂಡನ್ನು ಮತ್ತೆ ಕೂಡಿಸುವುದು ಯಾರದೋ ಇಡೀ ದಿನದ ದುಡಿಮೆ.

ಸಿಂಗಿಯಿಂದ ಪೂರ್ವಕ್ಕೆ ತಿರುಗಿದ ಮೇಲೆ ಜನ ಹೆಚ್ಚುತ್ತಾರೆ. ಕೆಬ್ನೆಕೈಸೆ ಗಿರಿಠಾಣೆಯಲ್ಲಿ ವಿದ್ಯುತ್ತು, ಬಿಸಿನೀರು, ಊಟದ ಮನೆ ಎಲ್ಲವೂ ಇವೆ. ದೇಶದ ಅತ್ಯುನ್ನತ ಶಿಖರ ಹತ್ತುವವರ ನೆಲೆ ಅದು. ಹಿಂದೆಲ್ಲ ಹಿಮದ ಟೋಪಿಯಿದ್ದ ದಕ್ಷಿಣ ಶಿಖರವೇ ಎತ್ತರದ್ದಾಗಿತ್ತು. ಆ ಹಿಮ ಕರಗಿ ಕರಗಿ 2019ರಲ್ಲಿ ಬಂಡೆಯ ಉತ್ತರ ಶಿಖರ ಮೇಲಾಯಿತು. ಸುಮಾರು 2097 ಮೀಟರ್. ಮೋಡ ಕವಿದಿದ್ದರಿಂದ ನಾವು ಹತ್ತಲಿಲ್ಲ.

ಅಲ್ಲಿಂದ ನಿಕ್ಕಲುಯೋಕ್ತಾಕ್ಕೆ 19 ಕಿ.ಮೀ., ಹೆಚ್ಚುಕಡಿಮೆ ಸಮತಟ್ಟು, ಬರ್ಚ್ ಕಾಡಿನ ನಡುವೆ. ನಡುವೆ ಲಾಡ್ಯು ಕೆರೆಯಲ್ಲಿ ದೋಣಿ ಸಿಗುತ್ತದೆ, ಸುಮಾರು ಆರು ಕಿಲೋಮೀಟರ್ ಉಳಿಯುತ್ತದೆ. ಪೂರ್ತಿ ನಡೆಯಬೇಕೆಂಬ ಛಲದವರು ದೋಣಿ ಹತ್ತುವುದಿಲ್ಲ. ನಾವು ಹತ್ತಿದೆವು. ಕೊನೆಯಲ್ಲಿ ಕಿರುನಾಕ್ಕೆ ಬಸ್ಸಿದೆ, ಒಂದು ಗಂಟೆಯ ದಾರಿ. ದಿನಕ್ಕೆ ಕೆಲವೇ ಬಾರಿ ಬರುವುದರಿಂದ ದೋಣಿಯ ಹೊತ್ತು ಮತ್ತು ಬಸ್ಸಿನ ಹೊತ್ತು ಎರಡನ್ನೂ ಗಿರಿಠಾಣೆಯಲ್ಲೇ ಬರೆದುಕೊಂಡು ಹೊರಡಿ. ಅದೇ ದಿನದ ರಾತ್ರಿ ರೈಲನ್ನು ಕಾಯ್ದಿರಿಸುವುದಾದರೆ ಮೊದಲ ಬಸ್ಸನ್ನೇ ಗುರಿಯಾಗಿಟ್ಟುಕೊಳ್ಳಿ. ಅದು ತಪ್ಪಿದರೂ ಮುಂದಿನದಕ್ಕೆ ಅವಕಾಶ ಉಳಿಯುತ್ತದೆ.