ದಸರಾ ಮುಗಿದ ಮೇಲೆ ನೊಬೈಲ್‌ಗೆ ನೀರು ಬಂದ್

ಮಲೆನಾಡಿನ ನಮ್ಮ ಕೊಪ್ಪದ ಹವೆಗೆ ಡೆಂಡ್ರೋಬಿಯಂ ನೊಬೈಲ್ ಎಂಬ ಆರ್ಕಿಡ್ ಹೂ ಬಿಡುವುದಿಲ್ಲ ಎಂದವರೇ ಜಾಸ್ತಿ. ಈ ಮಾರ್ಚ್‌ನಲ್ಲಿ ನನ್ನ ಇಪ್ಪತ್ತಕ್ಕೂ ಹೆಚ್ಚು ಕುಂಡಗಳಲ್ಲಿ ಗೆಣ್ಣು ಗೆಣ್ಣಿಗೂ ಹೂ. ಹೀಗೆ ತುಂಬಿ ಬಿಟ್ಟಿದ್ದನ್ನು ನಮ್ಮ ಸುತ್ತಮುತ್ತ ಬೇರೆಲ್ಲೂ ನಾನು ನೋಡಿಲ್ಲ.

ಶುರುವಿನ ವರ್ಷಗಳಲ್ಲಿ ಚಳಿಗಾಲದಲ್ಲೂ ವಾರಕ್ಕೆರಡು ಸಲ ನೀರು, ಹದಿನೈದು ದಿನಕ್ಕೊಮ್ಮೆ 19-19-19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಸಮಸಮ). ನರ್ಸರಿಯವರು ಹೇಳಿಕೊಟ್ಟಿದ್ದೇ ಹಾಗೆ. ಗಿಡಗಳೇನೋ ಹಸಿರಾಗಿದ್ದವು, ಆದರೆ ಮೊಗ್ಗು ಬರಬೇಕಾದ ಕಡೆಯೆಲ್ಲ ಮರಿ, ಅಂದರೆ ದಂಟಿನ ಗೆಣ್ಣಿನಲ್ಲಿ ಹುಟ್ಟುವ ಪುಟ್ಟ ಗಿಡ, ಬಂತು. ಹೂ ಬರಿಸುವ ಔಷಧಿ ಅಂತ ಒಂದು ಬಾಟಲಿಗೆ ಆರುನೂರು ರೂಪಾಯಿ ಕೊಟ್ಟೆ. ಇನ್ನಷ್ಟು ಮರಿ! ಗಿಡ, ಕುಂಡ, ಗೊಬ್ಬರ ಎಲ್ಲ ಸೇರಿ ಏಳೆಂಟು ಸಾವಿರ ಹೋಗಿರಬೇಕು.

ನೊಬೈಲ್ ಸಿಕ್ಕಿಂನ ರಾಜ್ಯ ಹೂ. ಆ ಕಡೆ ಮಳೆ ನಿಂತ ಮೇಲೆ ಒಣ ಚಳಿ. ನಾನೂ ಅದನ್ನೇ ಕೊಟ್ಟೆ. ಸಾರಜನಕದ ಗೊಬ್ಬರ ಆಗಸ್ಟ್ ಕೊನೆಗೇ ನಿಲ್ಲಿಸಿದೆ. ಸೆಪ್ಟೆಂಬರ್‌ನಲ್ಲಿ ಸಾರಜನಕವಿಲ್ಲದ, ರಂಜಕ-ಪೊಟ್ಯಾಷ್ ಮಾತ್ರ ಇರುವ 0-52-34 ಗೊಬ್ಬರ ಎರಡು ಸಲ, ಲೀಟರಿಗೆ ಒಂದು ಗ್ರಾಂನಷ್ಟು. ದಸರಾ ಆದಮೇಲೆ ನೀರು ಪೂರ್ತಿ ಬಂದ್. ನಮ್ಮಲ್ಲಿ ನವೆಂಬರ್‌ನಲ್ಲೂ ಮಳೆ ಹೊಡೆಯುತ್ತದಲ್ಲ, ಅದಕ್ಕೆ ಕುಂಡಗಳನ್ನೆಲ್ಲ ಪೂರ್ವದ ಸೂರಿನಡಿಗೆ ತಂದೆ. ಬೆಳಗಿನ ಬಿಸಿಲು ಚೆನ್ನಾಗಿ ಬೀಳಬೇಕು, ರಾತ್ರಿಯ ಚಳಿ ನೇರ ತಾಗಬೇಕು. ಡಿಸೆಂಬರ್‌ನಲ್ಲಿ ಇಲ್ಲಿ 13-14 ಡಿಗ್ರಿಗೆ ಇಳಿಯುತ್ತದೆ, ಅಷ್ಟು ಸಾಕು. ಬೆಂಗಳೂರಿನ ಗೆಳೆಯರೊಬ್ಬರು ತಾರಸಿಯಲ್ಲಿ ಇದೇ ಕ್ರಮ ಮಾಡಿದರು, ಹೂ ಬಂದಿದ್ದು ಅಲ್ಲೊಂದು ಇಲ್ಲೊಂದು. ಅಲ್ಲಿ ರಾತ್ರಿ ಅಷ್ಟು ತಂಪಾಗುವುದಿಲ್ಲ.

ಜನವರಿಗೆ ಎಲೆ ಹಳದಿಯಾಗಿ ಉದುರಿತು, ದಂಟು ಸುಕ್ಕಾಯಿತು. "ಸತ್ತ ಗಿಡ ಯಾಕೋ ಇಟ್ಕೊಂಡಿದೀಯ, ಒಂದು ಚೊಂಬು ನೀರಾದ್ರೂ ಹಾಕೋ" ಎಂದು ಚಿಕ್ಕಮ್ಮ ದಿನಾ ಹೇಳುತ್ತಿದ್ದರು. ಹಾಕಲಿಲ್ಲ. ತೀರಾ ಮುದುಡಿದವಕ್ಕೆ ಮಾತ್ರ ಹತ್ತು ಹನ್ನೆರಡು ದಿನಕ್ಕೊಮ್ಮೆ ಬೆಳಿಗ್ಗೆ ಒಂದಿಷ್ಟು ಸಿಂಪಡಿಸಿದೆ. ಎಲೆ ಉದುರಿದ ದಂಟನ್ನು ಕತ್ತರಿಸಲೇಬೇಡಿ, ಹೂ ಬರುವುದೇ ಅದರಲ್ಲಿ.

ಫೆಬ್ರವರಿಯಲ್ಲಿ ಗೆಣ್ಣು ಉಬ್ಬುತ್ತದೆ. ಆಗ ಖುಷಿಯಲ್ಲಿ ನೀರು ಸುರಿದರೆ ಅದೇ ಮರಿಯಾಗುತ್ತದೆ. ಮೊಗ್ಗು ಬಟಾಣಿಯಷ್ಟಾಗುವವರೆಗೆ ಕಾದು, ನಿಧಾನ ಶುರುಮಾಡಿದೆ. ಮೊಗ್ಗು ಉದುರದಂತೆ ಆ ವಾರ ನಾನು ಇನ್ನೊಂದು ಕೆಲಸ ಮಾಡುತ್ತೇನೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಹಲಸಿನ ಮರಕ್ಕೆ ಕಟ್ಟಿದ, ನಮ್ಮ ಕಾಡಿನದೇ ಆರ್ಕಿಡ್ ಆದ ಸೀತಾಳೆಗೆ ಇದ್ಯಾವುದೂ ಬೇಡ. ಇಬ್ಬನಿಯಲ್ಲೇ ಚಳಿಗಾಲ ಕಳೆದು ಮಳೆ ಶುರುವಾಗುವ ಹೊತ್ತಿಗೆ ದಂಡೆ ಬಿಡುತ್ತದೆ. ಫೆಲನಾಪ್ಸಿಸ್ ಎಂಬ ಇನ್ನೊಂದು ಆರ್ಕಿಡ್‌ನ ಎರಡು ಗಿಡಗಳನ್ನೂ ಒಣಗಿಸಿ ನೋಡಿದೆ. ಒಂದು ಸತ್ತಿತು. ಅದಕ್ಕೆ ನೀರು ಕೂಡಿಡುವ ದಂಟೇ ಇಲ್ಲ, ಚಳಿಗಾಲದಲ್ಲೂ ನೀರು ಬೇಕು. ನೊಬೈಲ್‌ನ ಹಳೆಯ ಮರಿಗಳನ್ನು ಈಗ ಇದ್ದಿಲು, ಹೆಂಚಿನ ಚೂರು ಹಾಕಿದ ಕುಂಡದಲ್ಲಿ ಬೆಳೆಸಿ ನೂರೈವತ್ತಕ್ಕೆ ಕೊಡುತ್ತಿದ್ದೇನೆ. ಹೋದ ದುಡ್ಡು ಅರ್ಧಕ್ಕಿಂತ ಜಾಸ್ತಿ ವಾಪಸ್ ಬಂದಿದೆ.