ಚುಕ್ಕಿಗೆ ಬೇಕಾಗಿದ್ದದ್ದು ಚೆಂಡು

ಚುಕ್ಕಿ ನನ್ನ ಕೈಗೆ ಬಂದಾಗ ಅವಳಿಗೆ ಒಂಬತ್ತು ತಿಂಗಳು. ಲ್ಯಾಬ್ರಡಾರ್. ಹುಲಿ ಚರ್ಮ, ಚಿರತೆ ಚರ್ಮ, ಆನೆ ದಂತ ಎಲ್ಲೇ ಬಚ್ಚಿಟ್ಟಿದ್ದರೂ ಮೂಸಿ ತೋರಿಸಬೇಕು, ಅದು ಅವಳ ಕೆಲಸ. ಆದರೆ ನಾಯಿಗೆ ಹುಲಿ ಚರ್ಮ ಕಟ್ಟಿಕೊಂಡು ಏನಾಗಬೇಕು? ಚುಕ್ಕಿಗೆ ಬೇಕಾಗಿದ್ದದ್ದು ಒಂದು ಟೆನಿಸ್ ಚೆಂಡು, ಅಷ್ಟೇ. ಎತ್ತರದ ಹುಲ್ಲಿನೊಳಗೆ ಚೆಂಡು ಎಸೆದರೆ ಬೇರೆ ಮರಿಗಳು ಒಂದೆರಡು ನಿಮಿಷ ಹುಡುಕಿ ವಾಪಸ್ ಬರುತ್ತಿದ್ದವು. ಇವಳು ಸಿಗುವವರೆಗೂ ಬಿಡುತ್ತಿರಲಿಲ್ಲ. ಆ ಹಟ ನೋಡಿಯೇ ಅವಳನ್ನು ಆರಿಸಿದ್ದು.

ಗ್ವಾಲಿಯರ್ ಹತ್ತಿರದ ಟೇಕನ್‌ಪುರದಲ್ಲಿ ಬಿಎಸ್‌ಎಫ್‌ನ ನಾಯಿ ತರಬೇತಿ ಕೇಂದ್ರ ಇದೆ. ಒಂದು ನಾಯಿಗೆ ಇಬ್ಬರು ಹ್ಯಾಂಡ್ಲರ್, ಅಂದರೆ ನಾಯಿಯನ್ನು ನೋಡಿಕೊಂಡು ಕೆಲಸ ಮಾಡಿಸುವವರು. ನಾನೂ ನನ್ನ ಜೊತೆಗಾರನೂ ಅಲ್ಲೇ ಕಲಿತೆವು.

ಶುರು ತುಂಬಾ ಸರಳ. ಸಾಲಾಗಿ ಮರದ ಡಬ್ಬಗಳು, ಒಂದರಲ್ಲಿ ಮಾತ್ರ ಚರ್ಮದ ಚೂರು. ನಾಯಿ ಒಂದೊಂದನ್ನೇ ಮೂಸುತ್ತಾ ಬರುತ್ತದೆ. ಸರಿಯಾದ ಡಬ್ಬಕ್ಕೆ ಮೂಗು ಹೋದ ಕೂಡಲೇ ಉಸಿರು ಬದಲಾಗುತ್ತದೆ. ಬಾಯಿ ಮುಚ್ಚಿಕೊಳ್ಳುತ್ತದೆ, ಬಾಲದ ಬೀಸು ಚುರುಕಾಗುತ್ತದೆ, ಮೂಗಿಂದ ಸುಂಯ್ ಸುಂಯ್ ಅಂತ ಸಣ್ಣ ಸದ್ದು. ಆ ಕ್ಷಣಕ್ಕೇ ಚೆಂಡು ಡಬ್ಬದ ಮೇಲೆ ಬೀಳಬೇಕು. ಎರಡು ಸೆಕೆಂಡ್ ತಡವಾದರೆ ಅಷ್ಟರಲ್ಲಿ ಅವಳು ತಿರುಗಿ ನನ್ನ ಮುಖ ನೋಡಿರುತ್ತಾಳೆ. ಆಮೇಲೆ ಕೊಟ್ಟ ಚೆಂಡು ಮುಖ ನೋಡಿದ್ದಕ್ಕೆ ಸಿಕ್ಕ ಬಹುಮಾನವಾಗುತ್ತದೆ! ಅದಕ್ಕೇ ಜೇಬಿನಿಂದ ತೆಗೆದು ಕೈಯಲ್ಲಿ ಕೊಡಬಾರದು. ಚೆಂಡು ಆ ವಾಸನೆ ಇರುವ ಜಾಗದಿಂದಲೇ ಹುಟ್ಟಿತು ಅಂತ ಅವಳಿಗೆ ಅನ್ನಿಸಬೇಕು. ವಾಸನೆ ಸಿಕ್ಕಿದರೆ ಸುಮ್ನೆ ಕೂರಬೇಕು ಅನ್ನುವುದನ್ನು ಆಮೇಲೆ ಸೇರಿಸಿದೆವು. ಕೂತರೆ ಚೆಂಡು, ಕೆರೆದರೆ ಇಲ್ಲ.

ಊರಿಗೆ ಬಂದ ಮೇಲೆ ದಿನವೂ ಅಭ್ಯಾಸ ಮಾಡಿಸುತ್ತಿದ್ದೆ. ಒಂದು ದಿನ ಚುಕ್ಕಿ ಖಾಲಿ ಡಬ್ಬದ ಮುಂದೆ ಕೂತಳು. ಮತ್ತೆ ಕಳಿಸಿದೆ, ಮತ್ತೆ ಅಲ್ಲೇ. ನಾನು ಗದರಿಬಿಟ್ಟೆ. ಆಮೇಲೆ ಎರಡು ದಿನ ಅವಳು ಎಲ್ಲೂ ಕೂರಲೇ ಇಲ್ಲ. ವಾಸನೆ ಸಿಕ್ಕಿದೆ ಅಂತ ಬಾಲ ಹೇಳುತ್ತಿತ್ತು, ಆದರೆ ಕೂರಲು ಭಯ. ಆ ಮುಖ ಇವತ್ತಿಗೂ ಕಣ್ಣ ಮುಂದಿದೆ.

ಜೊತೆಗಾರ ಹೇಳಿದ: "ಅಣ್ಣಾ, ತಪ್ಪು ಅವಳದ್ದಲ್ಲ. ನೀವು ಮುಟ್ಟಿದ ಡಬ್ಬ ಯಾವುದು ಅಂತ ಸರಿಯಾಗೇ ತೋರಿಸ್ತಿದ್ದಾಳೆ."

ನಿಜ. ಚರ್ಮ ಇಡುವಾಗ ಆ ಒಂದು ಡಬ್ಬವನ್ನು ಮಾತ್ರ ನಾನು ಬರಿಗೈಯಲ್ಲಿ ತೆರೆಯುತ್ತಿದ್ದೆ. ಅವಳು ಚರ್ಮದ ಜೊತೆ ನನ್ನ ಕೈ ವಾಸನೆಯನ್ನೂ ಕಲಿತಿದ್ದಳು. ಅವತ್ತು ಖಾಲಿ ಡಬ್ಬವನ್ನು ಸರಿಸಿಟ್ಟವನೂ ನಾನೇ. ಇನ್ನೊಂದು ವಿಷಯ, ಸರಿಯಾದ ಡಬ್ಬ ಬಂದಾಗ ಗೊತ್ತಿಲ್ಲದೆ ನನ್ನ ಹೆಜ್ಜೆ ನಿಧಾನವಾಗುತ್ತಿತ್ತಂತೆ. ನಾಯಿ ಅದನ್ನೂ ಓದಿಬಿಡುತ್ತದೆ.

ಅಲ್ಲಿಂದ ಎಲ್ಲ ಬದಲಾಯಿಸಿದೆವು. ಪ್ರತಿ ಡಬ್ಬವನ್ನೂ ಮುಟ್ಟುವುದು. ಚರ್ಮ ಬಚ್ಚಿಡುವುದು ಜೊತೆಗಾರನ ಕೆಲಸ, ಎಲ್ಲಿದೆ ಅಂತ ನನಗೆ ಹೇಳುವ ಹಾಗಿಲ್ಲ. ಉಳಿದ ಡಬ್ಬಗಳಲ್ಲಿ ಹಳೇ ಚಪ್ಪಲಿ, ಕುರಿ ಚರ್ಮ, ಒಣಮೀನು, ಕೋಳಿ ಮೂಳೆ. ಅವುಗಳನ್ನು ಮೂಸಿ ಮುಂದೆ ಹೋದರೆ ಸರಿ, ಕೂತರೆ ಏನೂ ಸಿಗುವುದಿಲ್ಲ. ಗದರುವುದೂ ಇಲ್ಲ. ಹುಲಿ ಚರ್ಮ, ದಂತ ಎಲ್ಲ ಬೇರೆ ಬೇರೆ ಗಾಜಿನ ಬಾಟಲಿಯಲ್ಲಿ, ಒಂದರ ವಾಸನೆ ಇನ್ನೊಂದಕ್ಕೆ ಹತ್ತಬಾರದು. ಮತ್ತೆ ಆ ಚೆಂಡು, ಅದು ಕೆಲಸಕ್ಕೆ ಮಾತ್ರ. ಸುಮ್ಮನೆ ಆಡಲು ಕೊಟ್ಟರೆ ಅದರ ಬೆಲೆ ಹೋಯಿತು.

ಬಿಸಿಲಲ್ಲಿ ಜಾಸ್ತಿ ಹೊತ್ತು ದುಡಿಸಬೇಡಿ. ಬಾಯಿ ತೆರೆದು ಏದುಸಿರು ಬಿಡುವ ನಾಯಿ ಸರಿಯಾಗಿ ಮೂಸಲಾರದು. ಹದಿನೈದು ಇಪ್ಪತ್ತು ನಿಮಿಷಕ್ಕೆ ನೆರಳು, ನೀರು.

ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ದಾರಿಯ ಮದ್ದೂರು ಚೆಕ್‌ಪೋಸ್ಟ್‌ನಲ್ಲಿ ಒಮ್ಮೆ ಸಂಜೆವರೆಗೂ ಗಾಡಿ ನೋಡಿದೆವು. ಏನೂ ಸಿಗಲಿಲ್ಲ. ಜನರಿಗೆ ಅದು ಒಳ್ಳೆ ಸುದ್ದಿ, ಚುಕ್ಕಿಗೆ ಅಲ್ಲ. ಕೊನೆಗೆ ಅವಳು ಮೂಸಿದಂತೆ ಮಾಡಿ ಮುಂದೆ ಹೋಗುತ್ತಿದ್ದಳು. ಇಂಥ ದಿನ ನಾಯಿಯನ್ನು ಹಾಗೇ ಮಲಗಿಸಬಾರದು. ಅಲ್ಲಿಂದ ದೂರ ಬಂದು, ಜೊತೆಗಾರ ನಾವು ಅಭ್ಯಾಸಕ್ಕೆ ಇಟ್ಟುಕೊಂಡಿದ್ದ ಚರ್ಮದ ಚೂರನ್ನು ಕಲ್ಲಿನ ಸಂದಿಯಲ್ಲಿಟ್ಟ. ಚುಕ್ಕಿ ಎರಡು ಸಲ ದಾಟಿ ಹೋದಳು, ಮೂರನೇ ಸಲ ತಲೆ ತಿರುಗಿಸಿ ನಿಂತಳು, ಕೂತಳು. ಚೆಂಡು ಕಲ್ಲಿಗೆ ಬಡಿದು ಪುಟಿಯಿತು. ಕಚ್ಚಿಕೊಂಡು ಜೀಪಿಗೆ ಎರಡು ಸುತ್ತು ಬಂದು, ನನ್ನ ಕಾಲ ಬಳಿ ಇಟ್ಟು ಬೊಗಳಿದಳು.